ಅತಿಥಿಗೆ ನಾಲ್ಕು ಜಿಬಿ

ದಾವಣಗೆರೆಯ ನಮ್ಮ ಐಟಿಐ ಲ್ಯಾಬಿನ ಹದಿನಾಲ್ಕರಲ್ಲಿ
ಕರೆದರೆ ಎದ್ದು ಕೂರುವವು ಒಂಬತ್ತು.
ಹೊಸ ಸಿಲಬಸ್ಸಿಗೆ ಹೊಸ ವಿಂಡೋಸ್ ಬೇಕು,
ಹೊಸ ವಿಂಡೋಸಿಗೆ ನಾವು ಬೇಡ.
'ಈ ಯಂತ್ರ ಅರ್ಹವಲ್ಲ' ಅಂತ ಬಾಗಿಲು ಹಾಕಿತು,
ಬಾಡಿಗೆ ಮನೆ ತೋರಿಸುವವರ ಹಾಗೆ,
ಮೊದಲು ಹೆಸರು ಕೇಳಿ, ಆಮೇಲೆ ಊಟದ್ದು ಕೇಳಿ.

ಸರಿ, ಯಂತ್ರದೊಳಗೇ ಒಂದು ಯಂತ್ರ ಕಟ್ಟೋಣ ಎಂದು
ಶನಿವಾರ ಮಧ್ಯಾಹ್ನ ಉಳಿದೆ. ಶಾಹೀನಾ ಕೂಡ ಉಳಿದಳು,
ಬಾಷಾನಗರದ ಮಂಡಕ್ಕಿ ಭಟ್ಟಿಯ ಹುಡುಗಿ,
ದುಪ್ಪಟ್ಟಾದಲ್ಲಿ ಸುಟ್ಟ ಹೊಟ್ಟಿನ ವಾಸನೆ.

ಎರಡು ಕೋರ್ ಕೊಟ್ಟೆ.
ರ‍್ಯಾಮಿಗೆ ಆಸೆಬಿದ್ದು ಆರು ಬರೆದೆ; ಇರುವುದೇ ಎಂಟು.
ಅತಿಥಿ ಎದ್ದ. ಆತಿಥೇಯ ಉಸಿರುಗಟ್ಟಿ ನಿಂತ.
ಮೌಸಿನ ಬಾಣ ಅರ್ಧ ದಾರಿಯಲ್ಲಿ ಕಲ್ಲಾಯಿತು.
ಪವರ್ ಬಟನ್ ಒತ್ತಿ ಹಿಡಿದು, ಮತ್ತೆ ಮೊದಲಿನಿಂದ.
ನಾಲ್ಕು. ಉಣ್ಣುವವನಿಗೆ ನಾಲ್ಕು,
ಬಡಿಸುವವನಿಗೂ ನಾಲ್ಕು ಉಳಿಯಬೇಕು.

ಡಿಸ್ಕು ಅರವತ್ತನಾಲ್ಕು ಕೇಳಿತು.
ಖಾಲಿ ಇದ್ದದ್ದು ಮೂವತ್ತೊಂದು.
ಅರವತ್ತನಾಲ್ಕು ಎಂದೇ ಬರೆದೆ.
'ಸುಳ್ಳಲ್ಲೇನ್ರಿ ಸಾರ್ ಇದು?'
'ತುಂಬಿದಷ್ಟೇ ಬೆಳೀತದೆ. ಸದ್ಯಕ್ಕೆ ಬರೀ ಗಾತ್ರ.'
ನಕ್ಕಳು: 'ಹಂಗಾದ್ರೆ ಮಂಡಕ್ಕಿ ಅನ್ರಿ.
ನಮ್ಮಪ್ಪ ಅಳೆದು ಕೊಡ್ತಾನೆ, ತೂಗಿ ಕೊಡಲ್ಲ.'

ಹಳೇ ಬಯೋಸ್ ಬಿಟ್ಟು ಯುಇಎಫ್‌ಐ.
ಸೆಕ್ಯೂರ್ ಬೂಟಿಗೆ ಒಂದು ಟಿಕ್ಕು.
ಕೊನೆಗೆ ಉಳಿದದ್ದು ಟಿಪಿಎಂ,
ನಂಬಿಕೆಯ ಚಿಪ್ ಅಂತೆ.
ನಮ್ಮ ಬೋರ್ಡಿನಲ್ಲಿ ಅದು ಕೂರಬೇಕಾದಲ್ಲಿ
ಎರಡು ಸಾಲು ಪಿನ್ನು, ಅದರ ಮೇಲೆ ಧೂಳು.
ಮೆನು ಎಳೆದು, ಇಲ್ಲದ ಚಿಪ್ಪೊಂದನ್ನು ಆರಿಸಿದೆ.
ಸಣ್ಣ ಫೈಲು, ಅಷ್ಟೇ.
ನಂಬಿತು.

ಇಷ್ಟು ಸುಲಭವೇ ಅನ್ನಿಸಿದಾಗ
ನೆನಪಾದದ್ದು ಇವಳ ಅಕ್ಕ, ಮುಬೀನಾ.
ಐದು ವರ್ಷದ ಹಿಂದೆ ಇದೇ ಮೇಜಿನ ಆಚೆ
ಒಂದು ಸೀಲು ಕಡಿಮೆ ಬಿದ್ದ ಕಾಗದ ಹಿಡಿದು ನಿಂತಿದ್ದಳು.
ಅರ್ಜಿಯ ಮೂಲೆಯಲ್ಲಿ 'ಅರ್ಹರಲ್ಲ' ಎಂದು ಬರೆದದ್ದು
ನಾನೇ. ದುಂಡನೆಯ ಅಕ್ಷರ. ನೀಲಿ ಶಾಯಿ.
ಇವಳಿಗೆ ಗೊತ್ತೋ ಇಲ್ಲವೋ, ಕೇಳಲಿಲ್ಲ.

ಎಪ್ಪತ್ತೆರಡು ಪರ್ಸೆಂಟ್. ಎಪ್ಪತ್ತೆರಡು.
ಫ್ಯಾನು ಒಂದೇ ಸಮ ಗೊರಗುಟ್ಟುತ್ತಿತ್ತು.
ಸಂಜೆಗೆ ನೀಲಿ ಪರದೆಯ ಮೇಲೆ
ಕನ್ನಡದಲ್ಲೇ ಬಂತು: ಸ್ವಾಗತ.

ಪೆನ್‌ಡ್ರೈವಿಗೆ ನಕಲು ಮಾಡುವಾಗ
ಬ್ಯಾಗು ಹೆಗಲಿಗೇರಿಸುತ್ತ ಅವಳೇ ಅಂದಳು:
'ಆ ಸಣ್ಣ ಫೈಲೂ ಜೊತೆಗೇ ಇಟ್ಕೊಳ್ರಿ ಸಾರ್.
ಅದೊಂದು ಇಲ್ದಿದ್ರೆ
ಒಳಗಿದ್ದವರನ್ನೂ ಗುರುತು ಹಿಡಿಯಲ್ಲ.'