ಗೊತ್ತಿಲ್ಲ ಎಂಬ ಸೀಸೆ

ಕೋಳಿ ಮೊಟ್ಟೆಯಿಟ್ಟಿತ್ತು ಅದರ ಸೀಟಿನ ಮೇಲೆ.
ಗಾಜನೂರಿನ ಹಲಸಿನ ಮರದಡಿ ಆರು ವರ್ಷ
ನಿಂತೇ ಇದ್ದ ಮ್ಯಾಕ್ಸ್ ಹಂಡ್ರೆಡ್.
ನಾಲ್ಕೂವರೆ ಸಾವಿರಕ್ಕೆ ಕೊಟ್ಟವನು
ಮೊಟ್ಟೆ ಮಾತ್ರ ಎತ್ತಿಟ್ಟುಕೊಂಡ.

ಲಗೇಜ್ ಆಟೋದಲ್ಲಿ ವಿನೋಬನಗರಕ್ಕೆ ತಂದೆ.
ಮಾಲೀಕರು ಬಾಲ್ಕನಿಯಿಂದ ಬಗ್ಗಿ
"ಇದನ್ನ ಯಾರು ಓಡಿಸ್ತಾರೆ?" ಅಂದರು.
"ನಾನೇ."
"ಓಡತ್ತಾ?"
ಅದಕ್ಕಿನ್ನೂ ಉತ್ತರವಿರಲಿಲ್ಲ ನನ್ನ ಬಳಿ.

ವಾರದ ಆರು ದಿನ ಲ್ಯಾಬಿನಲ್ಲಿ ರಕ್ತ ತೆಗೆಯುವವಳು ನಾನು.
ಊದಿದ ಕೈ, ಒಣಗಿದ ಕೈ, ಹೆದರಿ ಮುಷ್ಟಿ ಕಟ್ಟಿದ ಕೈ,
ಹನ್ನೆರಡು ವರ್ಷ ನರ ಹುಡುಕಿ ಹುಡುಕಿ
ಬೆರಳಿಗೇ ಕಣ್ಣು ಬಂದಿದೆ.
ಸ್ಪ್ಯಾನರ್ ಹಿಡಿದದ್ದು ಮಾತ್ರ ಮೊದಲ ಸಲ.
ಹತ್ತು-ಹನ್ನೊಂದರದ್ದು;
ಅದರಲ್ಲಿ ಹತ್ತರ ಬಾಯಿ ಯಾವುದು ಎಂಬಲ್ಲೇ
ಒಂದು ಭಾನುವಾರ ಮುಗಿಯಿತು.

ಎರಡನೆಯ ಭಾನುವಾರ ಬೋಲ್ಟು ಮುರಿಯಿತು.
ಆಟೋ ಕಾಂಪ್ಲೆಕ್ಸಿನ ದಾದಾಪೀರ್
ಮುರಿದ ತಲೆಯನ್ನು ಅಂಗೈಯಲ್ಲಿ ಹೊರಳಿಸಿ
"ಬಿಗಿ ಆದ್ಮೇಲೆ ಇನ್ನೂ ಬಿಗಿ ಅನ್ನೋದು ಇಲ್ಲ ಮೇಡಂ,
ಆಮೇಲೆ ತುಂಡೇ," ಅಂದ.
ಟೀ ತರಿಸಿದ. ಒಳಗುಳಿದ ತುಂಡನ್ನು ತೆಗೆಯುವುದು ಹೇಳಿಕೊಟ್ಟ.
ದುಡ್ಡು ತಗೊಳ್ಳಲಿಲ್ಲ, ನಗುವುದನ್ನೂ ಬಿಡಲಿಲ್ಲ.

ಬಿಚ್ಚಿದ್ದನ್ನೆಲ್ಲ ಪುಟ್ಟ ಸೀಸೆಗಳಲ್ಲಿ ಹಾಕಿ
ಚೀಟಿ ಅಂಟಿಸಿದೆ, ಲ್ಯಾಬಿನ ಅಕ್ಷರದಲ್ಲೇ:
ಸೈಲೆನ್ಸರ್, ಎರಡು. ಕಾರ್ಬುರೇಟರ್, ನಾಲ್ಕು.
ಟಾರ್ಚ್ ಹಿಡಿದಿದ್ದ ಪಕ್ಕದ ಮನೆಯ ಸಮನ್ವಿ
"ಪೇಷಂಟ್ ಹೆಸರು ಬರೀಬೇಕಲ್ವಾ ಆಂಟಿ?" ಅಂದಳು.
ಬರೆದೆವು. ವಯಸ್ಸು ಇಪ್ಪತ್ತೊಂಬತ್ತು. ದೂರು: ಉಸಿರಿಲ್ಲ.

ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿಯ ಗೂಡು.
ಸ್ವೆಟರಿನ ದಾರ, ತೆಂಗಿನ ನಾರು,
ತೀರ್ಥಹಳ್ಳಿ ಬಸ್ಸಿನ ಅರ್ಧ ಟಿಕೆಟು.
ಎಷ್ಟು ಅಚ್ಚುಕಟ್ಟಿನ ಮನೆ!
ಒಂದು ಗಳಿಗೆ ಕೈ ನಿಂತಿತು.

ಕಾರ್ಬುರೇಟರಿನ ಜೆಟ್ಟು ಹಿತ್ತಾಳೆಯದು,
ನಡುವೆ ಒಂದು ತೂತು ಇರಬೇಕು,
ಕಣ್ಣಿಗೆ ಹಿಡಿದರೆ ಬೆಳಕೇ ಇಲ್ಲ.
ಪಿನ್ನು ಚುಚ್ಚಬೇಡಿ ಅಂದಿದ್ದ ದಾದಾಪೀರ್.
ಹೊಸ ಸಿರಿಂಜಿಗೆ ಪೆಟ್ರೋಲು ತುಂಬಿ ಒತ್ತಿದೆ,
ಮೆಲ್ಲಗೆ, ಎಳೆಮಗುವಿನ ಕೈಯೇನೋ ಎಂಬಂತೆ.
ಏನೂ ಇಲ್ಲ. ಮತ್ತೆ. ಏನೂ ಇಲ್ಲ.
ಆಮೇಲೆ ಕೂದಲೆಳೆಯಂಥ ಧಾರೆ
ನೆಟ್ಟಗೆ ಹಾರಿ ಗೋಡೆಗೆ ಬಡಿಯಿತು.
"ಸಿಕ್ತು!" ಎಂದು ಕೂಗಿದವಳು
ಸಮನ್ವಿಯೋ, ನಾನೋ.

ಪೆಟ್ರೋಲು ನಾರುತ್ತದೆಂದು ಮೇಲೆ ಮಾಲೀಕರು ಕೆಮ್ಮಿದರು.
ಕಾಕ್ ಮುಚ್ಚಿ ಮಲಗಿದೆ.

ಮರು ಭಾನುವಾರ, ಮೂವತ್ತೆಂಟನೆಯ ಕಿಕ್ಕಿಗೆ
ಮೊದಲು ಒಂದು ಸೀನು, ಆಮೇಲೆ ಎದೆಬಡಿತ.
ಆರು ವರ್ಷದ ಹೊಗೆ ಒಟ್ಟಿಗೆ ಹೊರಟು
ಬಾಲ್ಕನಿಯೂ ಮಾಲೀಕರೂ ಮಾಯವಾದರು.
ದಾದಾಪೀರ್‌ಗೆ ತೋರಿಸಲೇಬೇಕು ಎಂದು ಹೊರಟವಳು
ಆಲ್ಕೊಳ ಸರ್ಕಲ್ಲಿನಲ್ಲಿ ನಿಂತೆ.
ನಿಂತದ್ದು ನಾನಲ್ಲ, ಗಾಡಿ.
ವೈರು ಎಳೆದು ನೋಡಿದೆ. ಪ್ಲಗ್ ಬಿಚ್ಚಿ ಬೆರಳು ಸುಟ್ಟುಕೊಂಡೆ.
ಮೆಕ್ಕೆಜೋಳ ಸುಡುತ್ತಿದ್ದಾಕೆ
ಕೆಂಡಕ್ಕೆ ಬೀಸುತ್ತಿದ್ದ ಬೀಸಣಿಗೆಯಲ್ಲೇ ತೋರಿಸಿ
"ಕಾಕ್ ಮುಚ್ಚೈತಲ್ಲಮ್ಮ," ಅಂದಳು.
"ನಮ್ಮನೇರೂ ದಿನಾ ಮರೀತಿದ್ರು."

ಕೈ ಕೆಸರಾದರೆ ಬಾಯಿ ಮೊಸರಂತೆ.
ಕೈ ಗ್ರೀಸಾದರೆ ಏನೆಂದು ಗಾದೆ ಹೇಳಿಲ್ಲ.
ಉಪ್ಪು, ಖಾರ, ನಿಂಬೆ ಸವರಿದ ತೆನೆಯನ್ನು
ಆ ಕೈಯಲ್ಲೇ ಹಿಡಿದು ತಿಂದೆ.

ಈಗ ಸೀಸೆಗಳೆಲ್ಲ ಖಾಲಿ, ಒಂದನ್ನು ಬಿಟ್ಟು.
ಅದರೊಳಗೆ ಒಂಟಿ ಬೋಲ್ಟು.
"ಇದು ಈ ಗಾಡೀದೇ ಅಲ್ಲ ಮೇಡಂ," ಅಂದ ದಾದಾಪೀರ್,
"ನಿಮ್ಮಂಥೋರು ಮೊದಲೂ ಯಾರೋ ಬಿಚ್ಚಿದ್ದಾರೆ."
ಚೀಟಿಯಲ್ಲಿ ಗೊತ್ತಿಲ್ಲ ಎಂದು ಬರೆದು
ಕಿಟಕಿಯಲ್ಲಿಟ್ಟಿದ್ದೇನೆ.

ಸೋಮವಾರ, ಲ್ಯಾಬು.
ತೋಳು ಬಿಗಿಹಿಡಿದು ಕೂತ ಹಿರಿಯರೊಬ್ಬರು
ಸೂಜಿ ನೋಡಲಾರದೆ ನನ್ನ ಉಗುರು ನೋಡಿದರು.
"ಏನಮ್ಮ ಕಪ್ಪು?"
"ಮ್ಯಾಕ್ಸ್ ಹಂಡ್ರೆಡ್."
"ಹೌದಾ!" ತೋಳು ಸಡಿಲವಾಯಿತು.
"ಯಾವ ಮಾಡೆಲ್ಲು?"