ಹಾಜರಿ

ಕೋಡಿಬಾಗದ ಶಾಲೆಯಲ್ಲಿ, ಮೇ ತಿಂಗಳಲ್ಲಿ ಹತ್ತು ದಿನ
ತಂತಿವಾದ್ಯದ ಶಿಬಿರ. ಅರ್ಜಿಯಲ್ಲಿ
ವಯಸ್ಸಿನ ಮುಂದೆ ಐವತ್ಮೂರು ಎಂದು ಬರೆದೆ.
"ಮಗುವಿನದು ಬರೀರಿ," ಅಂದಳು ಮೇಜಿನ ಹುಡುಗಿ.
"ಮಗು ನಾನೇ," ಅಂದೆ.

ಬೈತಖೋಲದ ಮೀನುಗಾರಿಕೆ ಇಲಾಖೆಗೆ
ಗಳಿಕೆ ರಜೆ ಬರೆದುಕೊಟ್ಟು ಬಂದವಳು. ಕಾರಣ: ಸ್ವಂತ ಕೆಲಸ.
ಇಪ್ಪತ್ತೇಳು ವರ್ಷದಲ್ಲಿ ಆ ಎರಡು ಶಬ್ದ
ನಿಜವಾದದ್ದು ಇದೇ ಮೊದಲು.

ಮೂರನೇ ಸಾಲು. ನನಗೂ ಪ್ರೀತೇಶ ತಾಂಡೇಲನಿಗೂ
ಸೇರಿ ಒಂದೇ ಸ್ಟ್ಯಾಂಡು. ಅವನ ಎತ್ತರಕ್ಕಿಟ್ಟರೆ
ನನಗೆ ಸ್ವರ ಕಾಣದು, ನನ್ನ ಎತ್ತರಕ್ಕಿಟ್ಟರೆ ಅವನೇ ಕಾಣ.
ಹತ್ತು ವರ್ಷದವ. ಪಿಟೀಲಿಗೆ ನನಗಿಂತ ಮೂರು ವರ್ಷ ಹಿರಿಯ.
"ಆಂಟಿ, ಕಮಾನು ಅದು, ಸೌಟಲ್ಲ," ಅನ್ನುತ್ತಾನೆ,
ನನ್ನ ರಾಳದ ಬಿಲ್ಲೆಯನ್ನು ಕೇಳದೆಯೇ ಎತ್ತಿಕೊಳ್ಳುತ್ತಾನೆ.

ಕಡಲ ಗಾಳಿಗೆ ಕಟ್ಟಿಗೆ ಉಬ್ಬಿ
ಬಿರಡೆ ತಿರುಗುವುದಿಲ್ಲ; ತಿರುಗಿದರೆ ನಿಲ್ಲುವುದಿಲ್ಲ.
ಇನಾಸ್ ಮಾಸ್ತರರು ಸೀಮೆಸುಣ್ಣ ಬಳಿಯುತ್ತಾರೆ,
ಕಿವಿಗಿಟ್ಟು ಕೇಳುತ್ತಾರೆ, ಕೆಮ್ಮು ಬಂದ ಕೂಸಿನ ಎದೆಯ ಹಾಗೆ.
ಇಪ್ಪತ್ತೆರಡು ಪಿಟೀಲು ಶ್ರುತಿ ಸೇರುವಷ್ಟರಲ್ಲಿ
ಮೊದಲನೆಯದು ಮತ್ತೆ ಇಳಿದಿರುತ್ತದೆ.
ಕರೆಂಟು ಹೋಗುತ್ತದೆ.
ಗದ್ದದ ಬೆವರು ಮರಕ್ಕೆ ಇಳಿಯುತ್ತದೆ.
"ಇನ್ನೊಮ್ಮೆ," ಅನ್ನುತ್ತಾರೆ. ಬೇರೆ ಮಾತು ಅವರಿಗೆ ಬಾರದೇನೋ.

ಏಳನೇ ದಿನ, ಊಟಕ್ಕೆ ಮುಂಚೆ, ಹೇಗೋ ಏನೋ
ನನ್ನ ಪಂಚಮ ಅವನ ಪಂಚಮದೊಳಗೆ ಹೋಗಿ ಕೂತಿತು.
ಯಾವುದು ಯಾರದೆಂದು ತಿಳಿಯದೆ, ನನ್ನ ಸದ್ದು ನಿಂತಿತೆಂದುಕೊಂಡು
ಕಮಾನು ನೋಡಿದೆ. ಓಡುತ್ತಲೇ ಇತ್ತು.
ಪ್ರೀತೇಶ ಒಂದು ಕ್ಷಣ ಇತ್ತ ತಿರುಗಿ
ಮತ್ತೆ ತನ್ನ ಬಾಂಗ್ಡೆ ಸಾರಿನ ಡಬ್ಬಿಯ ಯೋಚನೆಗೆ ಹೋದ.

ಕೊನೆಯ ಸಂಜೆಯ ಕಛೇರಿಯ ಬಗ್ಗೆ ಹೇಳುವುದಿಲ್ಲ.
ಎರಡು ಸಲ ತಪ್ಪಿದೆ. ಒಂದು ಸಲ ಅವನೂ ತಪ್ಪಿದ,
ನನಗೆ ಜೊತೆಯಾಗಲಿಕ್ಕೋ ಏನೋ, ಕೇಳಲಿಲ್ಲ.

ಸೋಮವಾರ. ಬೈತಖೋಲ. ಹತ್ತಕ್ಕೆ ಐದು ನಿಮಿಷ.
ಹಾಜರಿ ಯಂತ್ರಕ್ಕೆ ಎಡಗೈ ತೋರುಬೆರಳು ಒತ್ತಿದೆ.
ತುದಿಗೆ ಅಡ್ಡಲಾಗಿ ತಂತಿಯ ಗೆರೆ, ಒಡೆದು ಒಣಗಿದ ಬೊಕ್ಕೆ,
ಸುಲಿದಲ್ಲಿ ಎಳೆಯ ಚರ್ಮ.
ಕೆಂಪು ದೀಪ. ಹಿಂದೆ ಜವಾನ ಸುಬ್ರಾಯ ಕೆಮ್ಮಿದ.
ಗುರುತು ಸಿಗುತ್ತಿಲ್ಲ, ಅಂದಿತು ಯಂತ್ರ,
ಇನ್ನೊಮ್ಮೆ ಪ್ರಯತ್ನಿಸಿ.

ಆಯ್ತು ಮಾಸ್ತರೇ, ಅಂದೆ,
ಎಲ್ಲರಿಗೂ ಕೇಳುವ ಹಾಗೆ.