ಹದಿನೇಳನೆಯ ಹೆಜ್ಜೆ

ಸಿದ್ದಾಪುರ ಪೇಟೆಯಲ್ಲಿ, ಅಂದುಮಾಯಿಯ ಮೆಣಸಿನ ಮಂಡಿಯ ಮೇಲೆ
ನನ್ನ ಕೋಣೆ. ಮಾರ್ಚ್ ತಿಂಗಳು.
ಖಾರದ ದೂಳು ಮೆಟ್ಟಿಲು ಹತ್ತಿ ಬಂದು
ಕೀಲಿಮಣೆಯ ಸಂದಿಗೆ ಇಳಿಯುತ್ತದೆ;
ಸೀನು ಬಂದಾಗಲೆಲ್ಲ ಒಂದು ಅಕ್ಷರ ತಪ್ಪುತ್ತದೆ.

"ಇವತ್ತು ರಾತ್ರಿ ಬಿಡುಗಡೆ ಕಾಕಾ, ದೀಪ ಉರಿಯುತ್ತೆ" ಅಂದೆ.
"ಯಾರು ಮೋಳೆ ಒಳಗಿದ್ದದ್ದು?" ಅಂದ.

ಒಳಗಿದ್ದದ್ದು ಒಂದು ಕಂಪೈಲರ್:
ಮನುಷ್ಯರು ಬರೆದದ್ದನ್ನು ಯಂತ್ರಕ್ಕೆ ದಕ್ಕುವಂತೆ ಅರೆದುಕೊಡುವ ಗಿರಣಿ.
ಕಾಸಿಲ್ಲ, ಬಾಗಿಲಿಗೆ ಚಿಲಕವಿಲ್ಲ,
ಯಾರು ಬೇಕಾದರೂ ಬಂದು ಕಲ್ಲಿಗೆ ಕಕ್ಕು ಹೊಡೆದು ಹೋಗಬಹುದು.
ನನ್ನ ಪಾಲಿನ ಕೆಲಸ ಅದೂ ಅಲ್ಲ.
ಹೊಸ ಆವೃತ್ತಿ ಹೊರಡುವಾಗ ಏನೇನು ಮಾಡಬೇಕೆಂಬ ಪಟ್ಟಿಯನ್ನು
ಸರಿಯಾಗಿ ಇಟ್ಟುಕೊಳ್ಳುವುದು. ಮೂವತ್ತೊಂದು ಹೆಜ್ಜೆ.
ಹಗಲೆಲ್ಲ ಲಾರಿ ತೂಕದ ಚೀಟಿ ಬರೆಯುವವಳಿಗೆ
ದೂರದ ಕಸುಬೇನಲ್ಲ.

ಪಟ್ಟಿಯನ್ನು ಮೊದಲು ಬರೆದವರ ಹೆಸರು ಗೊತ್ತಿಲ್ಲ.
ಕೊನೆಗೆ ಎರಡಕ್ಷರದ ರುಜು, ಯಾವ ದೇಶವೋ.
ತಿಳಿದದ್ದು ಇಷ್ಟೇ:
ಪ್ರತಿ ಪೂರ್ಣವಿರಾಮದ ಆಚೆ ಎರಡು ಖಾಲಿ ಜಾಗ ಬಿಡುತ್ತಿದ್ದರು,
ಮತ್ತು ಆರು ವರ್ಷದ ಹಿಂದೆ, ಒಂದು ಬುಧವಾರ,
ಬರುವುದನ್ನು ನಿಲ್ಲಿಸಿದರು.

ಹದಿನೇಳನೆಯ ಹೆಜ್ಜೆ ಅವರದ್ದೇ:
"ಕಡತ ಏರಿಸಿದ ಮೇಲೆ ಇಪ್ಪತ್ತು ನಿಮಿಷ ಕಾಯಿರಿ.  ಆಮೇಲೆ ಪ್ರಕಟಿಸಿ."
ಯಾಕೆ? ಬರೆದಿಲ್ಲ.
ಕಳೆದ ಸಲ ಅಳಿಸಿದೆ. ಇಪ್ಪತ್ತು ನಿಮಿಷದಲ್ಲಿ
ಎರಡು ಲೋಡು ತೂಕವಾಗುತ್ತದೆ.
ಯಾರೂ ಬೇಡ ಅನ್ನಲಿಲ್ಲ. ಇಬ್ಬರು ಹೆಬ್ಬೆಟ್ಟು ಎತ್ತಿದರು.

ಪಾಲಿಬೆಟ್ಟದ ಹಾದಿಯಲ್ಲಿ, ನಾನು ಬೆಳೆದ ಲೈನ್‌ಮನೆಗಳ ಹಿಂದೆ
ಒಂದು ಕಡಂಗವಿತ್ತು. ಎರಡಾಳು ಆಳ.
ಯಾವ ಅರಸನ ಕಾಲದ್ದೋ, ಯಾರಿಂದ ಯಾರನ್ನು ತಡೆಯಲೋ,
ಹೇಳುವವರಿಲ್ಲ. ಒಳಗೆ ಬಿದ್ದ ಚೆಂಡು ಸಿಗುತ್ತಿರಲಿಲ್ಲ.
ಜೀಪು ದಾಟಲಿ ಅಂತ ರೈಟರ್ ಪೊನ್ನುಸ್ವಾಮಿ
ಹತ್ತು ಮಾರು ಮುಚ್ಚಿಸಿದ. ಚಂದವಾಗಿ, ಮಟ್ಟಸವಾಗಿ.
ಆ ಡಿಸೆಂಬರಿನಲ್ಲಿ ಅದೇ ಹತ್ತು ಮಾರಿನ ಮೇಲೆ ನಡೆದು
ಏಳು ಆನೆ ಬಂದವು.
ಬಾಳೆ ಹೋಯಿತು, ನೀರಿನ ಪೈಪು ಹೋಯಿತು,
ಚೋಮಿಯ ಅಡುಗೆಮನೆಯ ಗೋಡೆ.
ಬೆಳಿಗ್ಗೆ ಬಂದ ರೈಟರು ಲದ್ದಿ ನೋಡುತ್ತ ನಿಂತಿದ್ದ,
ಇದನ್ನು ಲೆಕ್ಕದ ಯಾವ ಪುಟಕ್ಕೆ ಬರೆಯಲಿ ಅನ್ನುವ ಹಾಗೆ.

ನನ್ನ ಆನೆ ಬಂದದ್ದು ಒಂದು ಸಾಲಿನ ದೂರಾಗಿ.
ಯಾವುದೋ ಊರಿನ ಶಾಲೆಯ ಮೇಷ್ಟರು:
"ಕಡತ ನಡುವೆಯೇ ಮುಗಿಯುತ್ತದೆ. ನಲವತ್ತು ಮಕ್ಕಳು ಕಾಯುತ್ತಿದ್ದಾರೆ."
ಹುಡುಕಿದೆ, ಎರಡು ರಾತ್ರಿ.
ಒಂದು ಕಡತ ಹನ್ನೊಂದು ಊರಿನ ಉಗ್ರಾಣಗಳಿಗೆ ಹಂಚಿಹೋಗಲು
ಇಪ್ಪತ್ತು ನಿಮಿಷ ಬೇಕು.
ಅಷ್ಟರೊಳಗೆ ಬಾಗಿಲು ತೆರೆದರೆ
ಮೊದಲು ಬಂದವರಿಗೆ ಅರ್ಧ ಮೂಟೆ.

ಕೆಳಗೆ ಅಂದುಮಾಯಿ ದಿನದ ಕೊನೆಯ ಮೂಟೆ ಇಟ್ಟು
ಕೈ ಬಿಟ್ಟು ನಿಂತಿದ್ದಾನೆ. ಮುಳ್ಳು ತೂಗಾಡುತ್ತಿದೆ.
ಮಾರಲು ಬಂದವನಿಗೆ ಬಸ್ಸಿನ ಅವಸರ.
"ನಿಲ್ಲಲಿ" ಅನ್ನುತ್ತಾನೆ ಕಾಕಾ, ಅಷ್ಟೇ.

ಇವತ್ತು ಹದಿನೇಳನ್ನು ಮತ್ತೆ ಬರೆದೆ.
ಕೆಳಗೆ ಕಾರಣ ಬರೆದೆ. ಅದರ ಕೆಳಗೆ,
ಅಳಿಸಿದವಳು ನಾನೇ ಎಂದು, ತಾರೀಖು ಸಮೇತ.
ಹದಿನೆಂಟರಲ್ಲಿ ಸತ್ತ ಕೊಂಡಿಯೊಂದನ್ನು ಬದಲಿಸಿದೆ.
ಇಪ್ಪತ್ತಾರರಲ್ಲಿ "ಸುಲಭವಾಗಿ" ಎಂಬ ಮಾತು ತೆಗೆದೆ;
ಅದು ಯಾರಿಗೂ ಸುಲಭವಾಗಿರಲಿಲ್ಲ.

ಕಡತ ಏರಿತು. ಈಗ ಇಪ್ಪತ್ತು ನಿಮಿಷ.
ಕತ್ತಲಲ್ಲಿ ಎಲ್ಲೋ ಸ್ಪ್ರಿಂಕ್ಲರ್ ಟಿಕ್ ಟಿಕ್ ತಿರುಗುತ್ತಿದೆ,
ಕಾಫಿ ಹೂವಿಗೆ ಮಳೆ ಬಾರದ ವರ್ಷ.
ಸುಮ್ಮನೆ ಕೂತವಳು ನನ್ನ ಸಾಲುಗಳಿಗೆ ಹಿಂದಿರುಗಿ
ಪ್ರತಿ ಪೂರ್ಣವಿರಾಮದ ಆಚೆ
ಇನ್ನೊಂದು ಖಾಲಿ ಜಾಗ ಸೇರಿಸಿದೆ.

ಅದಕ್ಕೆ ಕಾರಣ ಬರೆಯಲಿಲ್ಲ.